ಹನ್ನೆರಡು ಅಂಕಿ, ಒಂದು ಔಷಧಿ ಚೀಟಿ

ಈ ಸಲದ ಕಂತನ್ನು ಕೇಳುವ ಬದಲು ಓದುವವರಿಗೂ, ಕೇಳಿ ಆದಮೇಲೆ ಅಂಕಿಗಳನ್ನು ಸಮಾಧಾನವಾಗಿ ನೋಡೋಣ ಅಂತ ಬಂದವರಿಗೂ ಇದು ಬರಹದ ರೂಪ.

ನೀವು ಕುವೈತ್‌ನಲ್ಲಿ ಇದ್ದರೆ, ಅಥವಾ ನಿಮ್ಮ ಅಪ್ಪ ಅಮ್ಮ ಒಂದು ಕಾಲಕ್ಕೆ ಅಲ್ಲಿದ್ದು ಹಳೆ ಕಾಗದಪತ್ರಗಳನ್ನು ಇನ್ನೂ ಇಟ್ಟುಕೊಂಡಿದ್ದರೆ, ಒಂದು ಸಿವಿಲ್ ಐಡಿ ಕಾರ್ಡನ್ನು ಕೈಗೆ ತೊಗೊಳ್ಳಿ. ಅಲ್ಲಿನ ನಮ್ಮವರು ಇದನ್ನು "ಬತಾಕಾ" ಅನ್ನುತ್ತಾರೆ. ಅರಬ್ಬಿಯಲ್ಲಿ ಬತಾಕಾ ಅಂದರೆ ಕಾರ್ಡು, ಅಷ್ಟೇ. ಅದರ ಮೇಲೆ 12 ಅಂಕಿಯ ಸಂಖ್ಯೆ ಇರುತ್ತೆ. ಮೊದಲ ಅಂಕಿ ಶತಮಾನವನ್ನು ಹೇಳುತ್ತೆ: 1900ರಿಂದ 1999ರೊಳಗೆ ಹುಟ್ಟಿದವರಿಗೆ 2, ಆಮೇಲೆ ಹುಟ್ಟಿದವರಿಗೆ 3. ಮುಂದಿನ ಆರು ಅಂಕಿ ಹುಟ್ಟಿದ ವರ್ಷ, ತಿಂಗಳು, ದಿನ. 1985ರ ಮಾರ್ಚ್ 14ರಂದು ಹುಟ್ಟಿದವರ ಸಂಖ್ಯೆ 2850314 ಅಂತ ಶುರುವಾಗುತ್ತೆ. ಅದಾದ ಮೇಲೆ ನಾಲ್ಕು ಅಂಕಿಯ ಸರಣಿ ಸಂಖ್ಯೆ. ಕಟ್ಟಕಡೆಯದು ತಾಳೆ ನೋಡುವ ಅಂಕಿ.

ನನ್ನ ಹೊಟ್ಟೆಪಾಡು ಡೇಟಾ ಸೈನ್ಸ್. ಹಾಗಾಗಿ ಈ ಕೊನೆಯ ಅಂಕಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸಾಗುತ್ತಿಲ್ಲ. ಮೊದಲ 11 ಅಂಕಿಗಳನ್ನು ಕ್ರಮವಾಗಿ 2, 1, 6, 3, 7, 9, 10, 5, 8, 4, 2 ಇವುಗಳಿಂದ ಗುಣಿಸಿ, ಎಲ್ಲ ಕೂಡಿಸಿ. ಬಂದ ಮೊತ್ತವನ್ನು 11ರಿಂದ ಭಾಗಿಸಿ. ಉಳಿದ ಶೇಷವನ್ನು 11ರಿಂದ ಕಳೆದರೆ ಸಿಗೋದೇ ಹನ್ನೆರಡನೆಯ ಅಂಕಿ. ಕೌಂಟರಿನಲ್ಲಿ ಕೂತವರು 6ರ ಬದಲು 8 ಒತ್ತಿದರೆ, ಅಥವಾ ಅಕ್ಕಪಕ್ಕದ ಎರಡು ಅಂಕಿಗಳನ್ನು ಹಿಂದುಮುಂದು ಮಾಡಿದರೆ, ಲೆಕ್ಕ ತಾಳೆಯಾಗೋದಿಲ್ಲ, ಕಂಪ್ಯೂಟರ್ ಸಂಖ್ಯೆಯನ್ನು ಒಪ್ಪೋದಿಲ್ಲ. ನಿಮ್ಮ ಸಂಖ್ಯೆಯನ್ನು ಇಟ್ಟುಕೊಂಡು ಒಂದು ಕಾಗದದ ಮೇಲೆ ಮಾಡಿ ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ಕನ್ನಡದ ಅಂಕಿ ಹೇಳಿಕೊಡೋಕೂ ಆಗುತ್ತೆ.

ಈಗ, ಈ ಸಂಖ್ಯೆ ಏನೇನು ಹೇಳೋದಿಲ್ಲ ಅಂತಲೂ ನೋಡಿ. ನೀವು ಯಾವ ದೇಶದವರು ಅನ್ನೋದು ಅದರಲ್ಲಿಲ್ಲ. ಸಂಬಳ ಇಲ್ಲ, ಕೆಲಸ ಇಲ್ಲ, ಕಾಯಿಲೆ ಇಲ್ಲ. ಒಬ್ಬ ಕುವೈತಿಯ ಸಂಖ್ಯೆಗೂ ಉಡುಪಿಯಿಂದ ಹೋದವರ ಸಂಖ್ಯೆಗೂ ನೋಡೋಕೆ ಯಾವ ವ್ಯತ್ಯಾಸವೂ ಇಲ್ಲ. ಆದರೆ ಬಡಾವಣೆಯ ಸರ್ಕಾರಿ ಕ್ಲಿನಿಕ್‌ನಲ್ಲಿ (ಅಲ್ಲಿನ ಮಾತಿನಲ್ಲಿ ಮುಸ್ತೌಸಫ್) ಆ ಸಂಖ್ಯೆಯನ್ನು ಒತ್ತಿದ ಕ್ಷಣ, ಡಾಕ್ಟರನ್ನು ನೋಡೋಕೆ ಎಷ್ಟು, ಅವರು ಬರೆದ ಮಾತ್ರೆಗೆ ಎಷ್ಟು ಅನ್ನೋದು ತೀರ್ಮಾನವಾಗುತ್ತೆ. ಜನರನ್ನು ಎಣಿಸೋಕೆ ಹುಟ್ಟಿದ ಸಂಖ್ಯೆ ಔಷಧಿಯ ಬೆಲೆಪಟ್ಟಿ ಹೇಗಾಯಿತು? ಇವತ್ತಿನ ಕತೆ ಅದು.

ಅಮೆರಿಕದಲ್ಲಿರುವ ಓದುಗರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು, ಯಾಕಂದರೆ ನಿಮ್ಮಲ್ಲಿ ಮುಖ್ಯವಾದ ಸಂಖ್ಯೆ ಡಾಕ್ಟರ ಮೇಲಿದೆ. 1996ರ ಹಿಪಾ ಕಾಯ್ದೆಯ ಬೆನ್ನಿಗೆ 2004ರಲ್ಲಿ ನಿಯಮ ಬಂತು, 2007ರ ಮೇ 23ರಿಂದ ವೈದ್ಯರು, ಆಸ್ಪತ್ರೆಗಳು, ಫಾರ್ಮಸಿಗಳೆಲ್ಲ ಬಿಲ್ಲಿನಲ್ಲಿ ಎನ್‌ಪಿಐ ಅನ್ನುವ 10 ಅಂಕಿಯ ಗುರುತು ಹಾಕಬೇಕಾಯಿತು. ಅದಕ್ಕೂ ಕೊನೆಯಲ್ಲಿ ಒಂದು ತಾಳೆಯ ಅಂಕಿ ಇದೆ, ಕ್ರೆಡಿಟ್ ಕಾರ್ಡಿನಲ್ಲಿ ಇರುವಂಥದ್ದೇ. 2010ರ ಅಫರ್ಡೆಬಲ್ ಕೇರ್ ಕಾಯ್ದೆ ಬಂದಮೇಲೆ ಮೆಡಿಕೇಡ್‌ನಲ್ಲಿ ಇನ್ನೊಂದು ಬಿಗಿ: ಔಷಧಿ ಬರೆದ ವೈದ್ಯರು ಆ ಯೋಜನೆಯಲ್ಲಿ ನೋಂದಾಯಿಸಿಕೊಂಡಿರಬೇಕು, ಅವರ ಸಂಖ್ಯೆ ಬಿಲ್ಲಿನಲ್ಲಿರಬೇಕು. ಇಲ್ಲದಿದ್ದರೆ ಫಾರ್ಮಸಿಗೆ ದುಡ್ಡು ಬರೋದಿಲ್ಲ. ರೋಗಿಗೂ ಸದಸ್ಯತ್ವದ ಸಂಖ್ಯೆ ಇದೆ, ಇಲ್ಲ ಅಂತಲ್ಲ. ಆದರೆ ಸರ್ಕಾರದ ಅನುಮಾನ ಇರೋದು ಚೀಟಿ ಬರೆದ ಕೈ ಮೇಲೆ. ಖಾಸಗಿ ವೈದ್ಯರು ಬರೆಯುತ್ತಾರೆ, ಖಾಸಗಿ ಅಂಗಡಿ ಕೊಡುತ್ತೆ, ಸರ್ಕಾರ ದುಡ್ಡು ಕಟ್ಟುತ್ತೆ. ಹಾಗಿರುವಾಗ "ಬರೆದವರು ಯಾರು?" ಅಂತ ಕೇಳಲೇಬೇಕು.

ಕುವೈತ್‌ನಲ್ಲಿ ಬಹುಕಾಲ ಈ ಪ್ರಶ್ನೆಗೆ ಕೆಲಸವೇ ಇರಲಿಲ್ಲ. ಡಾಕ್ಟರಿಗೆ ಸಂಬಳ ಕೊಡೋದು ಆರೋಗ್ಯ ಸಚಿವಾಲಯ. ಔಷಧಿ ತರಿಸೋದೂ ಅದೇ, ಕಿಟಕಿಯಲ್ಲಿ ಕೊಡೋದೂ ಅದೇ. ಬರೆದವರು ಯಾರು ಅಂತ ಕೇಳೋಕೆ ಮೂರನೆಯವರು ಯಾರೂ ಇಲ್ಲ. ಉಳಿದದ್ದು ಒಂದೇ ಪ್ರಶ್ನೆ: ತೊಗೊಳ್ಳುವವರು ಯಾರು?

ಸ್ವಲ್ಪ ಹಿಂದಕ್ಕೆ ಹೋಗೋಣ. ಎಣ್ಣೆ ಸಿಗುವುದಕ್ಕೆ ಮುಂಚಿನ ಕುವೈತ್ ಮುತ್ತು ತೆಗೆಯುವ, ಹಡಗು ಕಟ್ಟುವ ಒಂದು ಬಂದರು ಪಟ್ಟಣ. ಅಲ್ಲಿನ ಮರದ ಹಡಗುಗಳಿಗೆ ತೇಗ ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. 1904ರಲ್ಲಿ ಬ್ರಿಟಿಷರು ಅಲ್ಲಿ ತಮ್ಮ ರಾಜಕೀಯ ಏಜೆಂಟನ್ನು ಕೂರಿಸಿದರು, ಅವನು ಉತ್ತರ ಹೇಳಬೇಕಾಗಿದ್ದದ್ದು ಬ್ರಿಟಿಷ್ ಇಂಡಿಯಾದ ಸರ್ಕಾರಕ್ಕೆ. ಅಮೆರಿಕದ ಅರೇಬಿಯನ್ ಮಿಶನ್‌ನ ವೈದ್ಯೆ ಎಲಿನರ್ ಕ್ಯಾಲ್ವರ್ಲಿ 1912ರಲ್ಲಿ ಬಂದು ಹೆಂಗಸರಿಗೆ ಚಿಕಿತ್ಸೆ ಶುರು ಮಾಡಿದರು. 1914ರ ಹೊತ್ತಿಗೆ ಗಂಡಸರ ಆಸ್ಪತ್ರೆಯ ಕಟ್ಟಡ ಎದ್ದಿತು, ಡಾ. ಸ್ಟ್ಯಾನ್ಲಿ ಮೈಲ್ರಿ ಅಲ್ಲಿ ದಶಕಗಳ ಕಾಲ ಇದ್ದರು. 1932ರಲ್ಲಿ ಸಿಡುಬು ಊರನ್ನೇ ಬಡಿದಾಗ ಜನರಿಗೆ ಇದ್ದದ್ದು ಇಂಥ ಒಂದೆರಡು ಬಾಗಿಲು ಮಾತ್ರ.

ಆಗ ಅಲ್ಲಿ ಓಡುತ್ತಿದ್ದ ದುಡ್ಡು ಯಾವುದು ಗೊತ್ತೆ? ರೂಪಾಯಿ! ನಮ್ಮದೇ ರೂಪಾಯಿ. 1959ರಲ್ಲಿ ಭಾರತ ಗಲ್ಫ್‌ಗೆ ಅಂತಲೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತು, 1961ರ ಏಪ್ರಿಲ್‌ನಲ್ಲಿ ಕುವೈತ್ ತನ್ನ ದಿನಾರನ್ನು ತಂದಿತು. ಆ ದಿನ ಒಂದು ದಿನಾರ್‌ಗೆ 13 ರೂಪಾಯಿ 33 ಪೈಸೆ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1946ರಲ್ಲಿ ಮೊದಲ ಎಣ್ಣೆ ಹಡಗು ಹೊರಟಿತು. ಮೂರು ವರ್ಷಕ್ಕೆ, 1949ರಲ್ಲಿ, ಸರ್ಕಾರದ ಅಮೀರಿ ಆಸ್ಪತ್ರೆ ತೆರೆಯಿತು. ಆಮೇಲೆ ಬಂದದ್ದು ಆ ದೇಶದ ಧಾರಾಳದ ಕಾಲ. ಚಿಕಿತ್ಸೆ ಪುಕ್ಕಟೆ, ಔಷಧಿ ಪುಕ್ಕಟೆ, ಅದೂ ಊರವರಿಗೆ ಮಾತ್ರ ಅಲ್ಲ, ಕೆಲಸಕ್ಕೆ ಬಂದ ಪ್ಯಾಲೆಸ್ಟೀನಿಯರಿಗೆ, ಈಜಿಪ್ಟಿನವರಿಗೆ, ನಮ್ಮವರಿಗೆ, ಎಲ್ಲರಿಗೂ. ಸರ್ಕಾರವೇ ಪುಕ್ಕಟೆ ಕೊಡುವಾಗ ಮಿಶನ್ ಆಸ್ಪತ್ರೆಗೆ ಯಾರು ಹೋಗುತ್ತಾರೆ? 1967ರಲ್ಲಿ ಅದು ಬಾಗಿಲು ಹಾಕಿತು.

1962ರ ಸಂವಿಧಾನವನ್ನು ಓದಿದರೆ ಒಂದು ಸಣ್ಣ ಬಿರುಕು ಕಾಣುತ್ತೆ. 15ನೆಯ ವಿಧಿ, ಸಾರ್ವಜನಿಕ ಆರೋಗ್ಯವನ್ನೂ ರೋಗಗಳ ತಡೆ ಮತ್ತು ಚಿಕಿತ್ಸೆಯನ್ನೂ ರಾಜ್ಯ ನೋಡಿಕೊಳ್ಳುತ್ತದೆ ಅನ್ನುತ್ತೆ. ಯಾರಿಗೆ ಅಂತ ಹೇಳೋದಿಲ್ಲ. 11ನೆಯ ವಿಧಿಯಲ್ಲಿ ವೈದ್ಯಕೀಯ ನೆರವಿನ ಮಾತು ಬರುತ್ತೆ, ಅಲ್ಲಿ "ನಾಗರಿಕರಿಗೆ" ಅನ್ನುವ ಪದ ಇದೆ. ಎಣ್ಣೆಯ ದುಡ್ಡು ಹರಿಯುತ್ತಿದ್ದಾಗ ಈ ಎರಡರ ನಡುವಿನ ಅಂತರ ಯಾರಿಗೂ ತಟ್ಟಲಿಲ್ಲ. ಆದರೆ ಜನಸಂಖ್ಯೆ ಬೇರೆಯೇ ದಿಕ್ಕಿನಲ್ಲಿ ಹೋಗುತ್ತಿತ್ತು. 1957ರ ಮೊದಲ ಜನಗಣತಿಯಲ್ಲಿ ಇದ್ದದ್ದು ಸುಮಾರು 2 ಲಕ್ಷ ಜನ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕುವೈತಿಗಳು. 1965ರಷ್ಟು ಹೊತ್ತಿಗೆ ಹೊರಗಿನಿಂದ ಬಂದವರೇ ಹೆಚ್ಚಾದರು, ಆಮೇಲೆ ಆ ತಕ್ಕಡಿ ತಿರುಗಿ ಏಳಲಿಲ್ಲ.

ಇಷ್ಟು ಜನರಲ್ಲಿ ಯಾರು ಯಾರು, ಎಲ್ಲಿದ್ದಾರೆ ಅಂತ ತಿಳಿಯೋದು ಹೇಗೆ? ಅದಕ್ಕೆ ಉತ್ತರ 1982ರ 32ನೆಯ ಕಾನೂನು. ನಾಗರಿಕ ಮಾಹಿತಿಯ ಸಾರ್ವಜನಿಕ ಪ್ರಾಧಿಕಾರ ಹುಟ್ಟಿತು, ಅಲ್ಲಿರುವವರು ಇದನ್ನು ಪಾಸಿ ಅಂತ ಕರೆಯುತ್ತಾರೆ. ನಾಗರಿಕರಿರಲಿ, ವಿದೇಶಿಯರಿರಲಿ, ಅಲ್ಲೇ ಹುಟ್ಟಿದ ಮಗುವಿರಲಿ, ಎಲ್ಲರಿಗೂ ಒಂದೇ ಪಟ್ಟಿ, ಒಂದೇ ಮಾದರಿಯ 12 ಅಂಕಿ. ಪಟ್ಟಿಯಲ್ಲಿ ಹೆಸರಿನ ಜೊತೆ ವಿಳಾಸ, ರಾಷ್ಟ್ರೀಯತೆ, ವಾಸದ ಪರವಾನಗಿ. ನಿಮಗೆ ಯಾವ ಮುಸ್ತೌಸಫ್ ಅನ್ನೋದನ್ನು ಇವತ್ತಿಗೂ ಬತಾಕಾದ ಮೇಲಿನ ವಿಳಾಸವೇ ಹೇಳುತ್ತೆ. ಅಬ್ಬಾಸಿಯಾದ ವಿಳಾಸ ಇರುವವರು ಸಾಲ್ಮಿಯಾದ ಕ್ಲಿನಿಕ್‌ಗೆ ಹೋಗಿ ನಿಂತರೆ ವಾಪಸ್ ಕಳಿಸುತ್ತಾರೆ.

ಡೇಟಾದ ಕಣ್ಣಿನಿಂದ ನೋಡಿದರೆ ಇದು ಬಹಳ ಒಳ್ಳೆಯ ವಿನ್ಯಾಸ, ಇದನ್ನು ನಾನು ಮುಲಾಜಿಲ್ಲದೆ ಹೇಳುತ್ತೇನೆ. ಬದಲಾಗುವ ವಿಷಯಗಳನ್ನು, ಅಂದರೆ ವಿಳಾಸ, ಉದ್ಯೋಗ, ಪರವಾನಗಿ ಇವನ್ನೆಲ್ಲ, ಸಂಖ್ಯೆಯೊಳಗೆ ತುರುಕಿಲ್ಲ. ಪಟ್ಟಿಯಲ್ಲಿ ಇಟ್ಟಿದ್ದಾರೆ. ಇಕಾಮಾ, ಅಂದರೆ ವಾಸದ ಪರವಾನಗಿ, ಮುಗಿದರೆ ಕಾರ್ಡು ಸಾಯುತ್ತೆ, ಸಂಖ್ಯೆ ಸಾಯೋದಿಲ್ಲ. ತೊಡಕು ಬೇರೆ ಕಡೆ ಇದೆ. ಇಷ್ಟು ಚೆನ್ನಾಗಿ ಕೂಡಿಸಿಟ್ಟ ಪಟ್ಟಿಗೆ ಒಂದು ದಿನ ಯಾರಾದರೂ ಬೆಲೆಯ ಕಾಲಮ್ಮು ಸೇರಿಸಬೇಕು ಅಂದರೆ, ಒಂದು ಮಧ್ಯಾಹ್ನದ ಕೆಲಸ ಅಷ್ಟೆ.

1990ರ ಆಗಸ್ಟ್ 2ರ ಆಕ್ರಮಣ, ಸುಮಾರು 1,70,000 ಭಾರತೀಯರ ಏರ್‌ಲಿಫ್ಟ್, 1991ರ ಬಿಡುಗಡೆ, ಇವು ನಿಮಗೆ ಗೊತ್ತಿರುವ ಕತೆಗಳು. ಯುದ್ಧ ಮುಗಿದ ಮೇಲಿನ ಕುವೈತ್ ಹಳೆಯ ಧಾರಾಳದ ಕುವೈತ್ ಅಲ್ಲ. ಹೊರಗಿನವರ ಚಿಕಿತ್ಸೆಯ ಖರ್ಚು ಅನ್ನುವ ಮಾತು ಅಲ್ಲಿನ ಸಂಸತ್ತಿನಲ್ಲಿ ಪದೇ ಪದೇ ಏಳತೊಡಗಿತು. ಕೊನೆಗೆ ಬಂದದ್ದು 1999ರ 1ನೆಯ ಕಾನೂನು: ವಿದೇಶಿಯರ ಆರೋಗ್ಯ ವಿಮೆ ಮತ್ತು ಆರೋಗ್ಯ ಸೇವೆಗಳಿಗೆ ಶುಲ್ಕ. ವಿಮೆ ಇಲ್ಲದೆ ಇಕಾಮಾ ಇಲ್ಲ, ನವೀಕರಣವೂ ಇಲ್ಲ. ಕೆಲಸಗಾರರಿಗೆ ವರ್ಷಕ್ಕೆ 50 ದಿನಾರ್, ಹೆಂಡತಿಗೆ 40, ಪ್ರತಿ ಮಗುವಿಗೆ 30. ಎರಡು ದಶಕಕ್ಕೂ ಹೆಚ್ಚು ಕಾಲ ಇದೇ ದರ ನಡೆಯಿತು. ಕಟ್ಟಬೇಕಾದವರು ಪ್ರಾಯೋಜಕರು, ಅಂದರೆ ಕಫೀಲ್. ಕುಟುಂಬವನ್ನು ಕರೆಸಿಕೊಂಡವರಿಗೆ ತಾವೇ ಕಫೀಲ್. ಗಂಡ, ಹೆಂಡತಿ, ಇಬ್ಬರು ಮಕ್ಕಳ ಮನೆಗೆ ವರ್ಷಕ್ಕೆ 150 ದಿನಾರ್.

ಇದನ್ನು ವಿಮೆ ಅಂತ ಕರೆಯೋದು ಹೇಗೆ ಅಂತ ನನಗೆ ಇವತ್ತಿಗೂ ಒಂದು ತಕರಾರು ಇದೆ. ವಿಮೆಯಲ್ಲಿ ಕಂತು ಕಟ್ಟಿದ ಮೇಲೆ ಕಾಯಿಲೆ ಬಿದ್ದಾಗ ಕ್ಲೇಮು ಇರಬೇಕು, ಒಪ್ಪಿಗೆ ಅಥವಾ ನಿರಾಕರಣೆ ಇರಬೇಕು. ಇಲ್ಲಿ ಸರ್ಕಾರಿ ಕ್ಲಿನಿಕ್‌ಗೆ ಹೋದ ರೋಗಿ ಯಾವ ಕ್ಲೇಮನ್ನೂ ಹಾಕೋದಿಲ್ಲ. ಕಂತು ಕಟ್ಟಿದ್ದೀರಿ, ಇಕಾಮಾ ಸಿಕ್ಕಿತು, ಬತಾಕಾ ಜೀವಂತವಾಯಿತು, ಆ ಬತಾಕಾ ತೋರಿಸಿ ಒಳಗೆ ಹೋದಿರಿ. ನನ್ನ ಲೆಕ್ಕದಲ್ಲಿ ಅದು ಪ್ರವೇಶ ಶುಲ್ಕ. ಜೊತೆಗೆ ಪ್ರತಿ ಸಲದ ಶುಲ್ಕವೂ ಇತ್ತು: ಮುಸ್ತೌಸಫ್‌ನಲ್ಲಿ 1 ದಿನಾರ್, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ 2. ಮಷೀನಿಗೆ ದುಡ್ಡು ಹಾಕಿ ಸ್ಟಾಂಪು ತೊಗೊಂಡು ಕೌಂಟರಿಗೆ ಕೊಡೋದು. ಮುಖ್ಯವಾದ ಮಾತು ಇಲ್ಲಿದೆ: ಆ ಒಂದು ಸ್ಟಾಂಪಿನಲ್ಲಿ ಡಾಕ್ಟರೂ ಬಂದರು, ಔಷಧಿಯೂ ಬಂತು. ಚೀಟಿಯಲ್ಲಿ ಒಂದು ಮಾತ್ರೆ ಇರಲಿ ಆರು ಇರಲಿ, ಕಿಟಕಿಯಲ್ಲಿ ಯಾರೂ ದುಡ್ಡು ಕೇಳುತ್ತಿರಲಿಲ್ಲ.

ನಿಜವಾದ ವಿಮೆ ಕುವೈತ್‌ಗೆ ಬಂದದ್ದು ಬೇರೆಯವರಿಗೆ. 2014ರ 114ನೆಯ ಕಾನೂನಿನಂತೆ ನಿವೃತ್ತ ಕುವೈತಿಗಳಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಕೊಡಿಸುವ ಯೋಜನೆ ಬಂತು, 2016ರಲ್ಲಿ "ಆಫಿಯಾ" ಅನ್ನುವ ಹೆಸರಿನಲ್ಲಿ ಶುರುವಾಯಿತು. ಅಲ್ಲಿ ಖಾಸಗಿ ಆಸ್ಪತ್ರೆ ಬಿಲ್ಲು ಹಾಕುತ್ತಿತ್ತು, ವಿಮಾ ಕಂಪನಿ ಕಟ್ಟುತ್ತಿತ್ತು. ಆಗ ತಾನಾಗಿ ಅಮೆರಿಕದ ಪ್ರಶ್ನೆಗಳೆಲ್ಲ ಹಿಂದೆಯೇ ಬಂದವು: ಬರೆದವರು ಯಾರು, ಅದು ಬೇಕಿತ್ತೆ, ಮೊದಲೇ ಒಪ್ಪಿಗೆ ಪಡೆದಿದ್ದರೆ? ಒಂದೇ ದೇಶ, ಒಂದೇ ಮಾದರಿಯ ಬತಾಕಾ. ದುಡ್ಡು ಕೊಡುವವರು ಬೇರೆಯಾದ ಕೂಡಲೇ ಚೀಟಿಗೆ ಕೇಳುವ ಪ್ರಶ್ನೆಯೂ ಬೇರೆಯಾಯಿತು. ವಿದೇಶಿಯರಿಗೂ ಪ್ರತ್ಯೇಕ ವ್ಯವಸ್ಥೆ ಮಾಡಬೇಕು ಅಂತ 2014ರಲ್ಲಿ "ದಮಾನ್" ಅನ್ನುವ ಕಂಪನಿಯನ್ನು ಕಟ್ಟಿದರು. ಅದರ ಕತೆ ಉದ್ದ, ಇನ್ನೊಂದು ಕಂತಿಗೇ ಇರಲಿ.

ಈ ನಡುವೆ ಗೆರೆಗಳು ಒಂದೊಂದಾಗಿ ಗಟ್ಟಿಯಾಗುತ್ತಿದ್ದವು. 2013ರಲ್ಲಿ ಜಹ್ರಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಗಿನ ಹೊತ್ತು ಕುವೈತಿಗಳಿಗೆ, ಸಂಜೆ ಹೊರಗಿನವರಿಗೆ ಅಂತ ಪ್ರಯೋಗ ಮಾಡಿದರು. 2018ರ ಕೊನೆಯಲ್ಲಿ ತೆರೆದ ದೊಡ್ಡ ಜಾಬರ್ ಆಸ್ಪತ್ರೆಯನ್ನು ಕುವೈತಿಗಳಿಗೆ ಅಂತಲೇ ಇಟ್ಟರು. ಇವೆರಡರ ನಡುವೆ, 2017ರ ಅಕ್ಟೋಬರ್ 1ರಿಂದ, ಹೊಸ ದರ: ಮುಸ್ತೌಸಫ್‌ನಲ್ಲಿ 1 ಇದ್ದದ್ದು 2 ದಿನಾರ್ ಆಯಿತು, ಹೊರರೋಗಿ ವಿಭಾಗದಲ್ಲಿ 2 ಇದ್ದದ್ದು 10. ಕುವೈತಿ ತಾಯಿಯ ಮಕ್ಕಳಿಗೆ, ಗಲ್ಫ್ ಸಹಕಾರ ಮಂಡಳಿಯ ದೇಶಗಳವರಿಗೆ ವಿನಾಯಿತಿ. ಈ ವಿನಾಯಿತಿಗಳನ್ನೆಲ್ಲ ಸಲೀಸಾಗಿ ಜಾರಿ ಮಾಡೋಕೆ ಆದದ್ದು ಯಾಕೆ? ಸಂಖ್ಯೆ ಒತ್ತಿದರೆ ಪಟ್ಟಿ ಎಲ್ಲ ಹೇಳುತ್ತೆ, ಅದಕ್ಕೆ.

ಕೋವಿಡ್ ಕಾಲದಲ್ಲಿ ಇದೇ ಸಂಖ್ಯೆ ಇನ್ನೊಂದು ಮುಖ ತೋರಿಸಿತು. ಲಸಿಕೆಗೆ ಹೆಸರು ನೋಂದಾಯಿಸಿದ್ದು ಬತಾಕಾದಿಂದ, "ಇಮ್ಯೂನ್" ಆ್ಯಪಿನಲ್ಲಿ ಹಸಿರು ಬಂದದ್ದು ಬತಾಕಾದಿಂದ, ಲಸಿಕೆ ಪುಕ್ಕಟೆ, ನಾಗರಿಕರಿಗೂ ಹೊರಗಿನವರಿಗೂ. 15ನೆಯ ವಿಧಿಯ ಕಾಲ ಸ್ವಲ್ಪ ದಿನ ವಾಪಸ್ ಬಂದಂತಿತ್ತು ಅನ್ನಿ.

ಆಮೇಲೆ 2022ರ ಡಿಸೆಂಬರ್ 18. ಅವತ್ತಿನಿಂದ ಹೊರಗಿನವರಿಗೆ ಔಷಧಿಗೆ ಬೇರೆ ಶುಲ್ಕ: ಮುಸ್ತೌಸಫ್ ಮತ್ತು ಆಸ್ಪತ್ರೆಯ ತುರ್ತು ವಿಭಾಗದಲ್ಲಿ 5 ದಿನಾರ್, ಹೊರರೋಗಿ ವಿಭಾಗದಲ್ಲಿ 10 ದಿನಾರ್. ಡಾಕ್ಟರ ಶುಲ್ಕ ಹಾಗೇ ಇದೆ, ಇದು ಅದರ ಮೇಲೆ. ಒಂದು ಸ್ಟಾಂಪಿನಲ್ಲಿ ಒಟ್ಟಿಗೆ ಬರುತ್ತಿದ್ದ ಡಾಕ್ಟರು ಮತ್ತು ಔಷಧಿ ಅವತ್ತು ಬೇರೆಯಾದರು.

ಲೆಕ್ಕ ಹಾಕೋಣ. ಸಕ್ಕರೆ ಕಾಯಿಲೆಯ ತಜ್ಞರನ್ನು ಹೊರರೋಗಿ ವಿಭಾಗದಲ್ಲಿ ಕಂಡು ಔಷಧಿ ತೊಗೊಂಡರೆ 10 ಕೂಡಿಸು 10, ಅಂದರೆ 20 ದಿನಾರ್. ಖಾಸಗಿ ಕ್ಷೇತ್ರದ ಕನಿಷ್ಠ ವೇತನ 2017ರಲ್ಲಿ ನಿಗದಿಯಾದಂತೆ ತಿಂಗಳಿಗೆ 75 ದಿನಾರ್. ಒಂದು ಭೇಟಿಗೆ ತಿಂಗಳ ಸಂಬಳದ ಕಾಲು ಭಾಗಕ್ಕಿಂತ ಹೆಚ್ಚು. ಈಗ ಆ 13 ರೂಪಾಯಿ 33 ಪೈಸೆಯನ್ನು ನೆನಪು ಮಾಡಿಕೊಳ್ಳಿ. 1961ರಲ್ಲಿ 10 ದಿನಾರ್ ಅಂದರೆ 133 ರೂಪಾಯಿ. 2022ರ ಕೊನೆಯಲ್ಲಿ ಅದೇ 10 ದಿನಾರ್ ಸುಮಾರು 2,700 ರೂಪಾಯಿ. ಊರಲ್ಲಿ ಅಷ್ಟು ದುಡ್ಡಿಗೆ ಅದೇ ಮಾತ್ರೆ ಎಷ್ಟು ತಿಂಗಳಿಗೆ ಬರುತ್ತೆ ಅಂತ ಲೆಕ್ಕ ಹಾಕದ ನಮ್ಮವರು ಯಾರಿದ್ದಾರೆ?

ಶುಲ್ಕದ ಆಕಾರವನ್ನೂ ಗಮನಿಸಿ. ಔಷಧಿಯ ಬೆಲೆಗೂ ಇದಕ್ಕೂ ಸಂಬಂಧ ಇಲ್ಲ. ಪ್ಯಾರಾಸಿಟಮಾಲ್ ಪಟ್ಟಿಗೂ 5, ದುಬಾರಿ ಆ್ಯಂಟಿಬಯೋಟಿಕ್‌ಗೂ 5. ಇಂಥ ಚಪ್ಪಟೆ ಶುಲ್ಕ ಹಾಕಿದಾಗ ಏನಾಗುತ್ತೆ ಅಂತ ಹೇಳೋಕೆ ಮಾಡೆಲ್ ಬೇಡ. ನೆಗಡಿ ಜ್ವರದವರು ಹೊರಗಿನ ಫಾರ್ಮಸಿಗೆ ಹೋಗುತ್ತಾರೆ, ಅಲ್ಲಿ ಅಗ್ಗ. ಸರ್ಕಾರಕ್ಕೆ ಬೇಕಾಗಿದ್ದದ್ದೂ ಅದೇ ಇರಬಹುದು, ಮನೆಯಲ್ಲಿ ಔಷಧಿ ಗುಡ್ಡೆ ಹಾಕಿಕೊಳ್ಳುತ್ತಾರೆ ಅನ್ನುವ ದೂರು ಮೊದಲಿನಿಂದ ಇತ್ತು. ಕಿಟಕಿಯ ಮುಂದೆ ಉಳಿಯುವವರು ಬಿಪಿ, ಸಕ್ಕರೆ, ಥೈರಾಯ್ಡ್‌ನವರು, ಅಂದರೆ ಬಿಟ್ಟರೆ ನಡೆಯದವರು. ಜಾರಿಯಾದ ಕೆಲವೇ ದಿನಗಳಲ್ಲಿ ಕ್ಲಿನಿಕ್‌ಗಳಿಗೆ ಬರುವ ಹೊರಗಿನವರ ಸಂಖ್ಯೆ ಇಳಿಯಿತು ಅಂತ ಅಲ್ಲಿನ ಪತ್ರಿಕೆಗಳು ಬರೆದವು. "ಔಷಧಿ ಇಲ್ಲಿ ಬೇಡ ಡಾಕ್ಟ್ರೇ, ಹೆಸರು ಮಾತ್ರ ಬರೆದುಕೊಡಿ" ಅನ್ನುವ ಮಾತು ಸಾಮಾನ್ಯವಾಯಿತು. ಹಾಗೆ ಹೊರಗೆ ಕೊಂಡ ಮಾತ್ರೆ ಸರ್ಕಾರಿ ಕಂಪ್ಯೂಟರಿನಲ್ಲಿ ನಿಮ್ಮ ಸಂಖ್ಯೆಯ ಎದುರು ಕೊಟ್ಟ ಔಷಧಿ ಅಂತ ಕಾಣೋದಿಲ್ಲ. ಮುಂದಿನ ಸಲ ಕೂತ ಡಾಕ್ಟರಿಗೆ ನೀವು ಏನು ನುಂಗುತ್ತಿದ್ದೀರಿ ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ನಲವತ್ತು ವರ್ಷ ಕಷ್ಟಪಟ್ಟು ಕೂಡಿಸಿದ ಪಟ್ಟಿಯಲ್ಲಿ ಶುಲ್ಕವೇ ಒಂದು ತೂತು ಮಾಡಿದಂತಾಯಿತು. ನನಗೆ ಇದರಲ್ಲಿ ಎಲ್ಲಕ್ಕಿಂತ ಚುಚ್ಚುವ ಸಂಗತಿ ಇದು.

ಇನ್ನೊಂದು ದಾರಿ ನಿಮಗೆಲ್ಲ ಗೊತ್ತು. ಸೂಟ್‌ಕೇಸು. ಮಂಗಳೂರಿನಿಂದ ವಿಮಾನ ಹತ್ತುವವರ ಕೈಯಲ್ಲಿ ಉಪ್ಪಿನಕಾಯಿ, ಹಪ್ಪಳದ ಜೊತೆ ಮೂರು ತಿಂಗಳ ಮಾತ್ರೆ. ತಮಗೆ ಮಾತ್ರ ಅಲ್ಲ, ಪಕ್ಕದ ಫ್ಲ್ಯಾಟಿನ ಅಣ್ಣನಿಗೆ, ಮಂಗಾಫ್‌ನಲ್ಲಿರುವ ಭಾವನಿಗೆ. ಇಲ್ಲಿ ಮಾತ್ರ ಕುವೈತ್ ಕೂಡ "ಬರೆದವರು ಯಾರು?" ಅಂತಲೇ ಕೇಳುತ್ತೆ, ಬಹಳ ಗಟ್ಟಿಯಾಗಿ ಕೇಳುತ್ತೆ. 2025ರ ತನಕ 1983ರ 74ನೆಯ ಕಾನೂನು ಮಾದಕ ವಸ್ತುಗಳಿಗೆ, 1987ರ 48ನೆಯದು ಮನಸ್ಸಿನ ಮೇಲೆ ಪರಿಣಾಮ ಮಾಡುವ ಔಷಧಿಗಳಿಗೆ ಇತ್ತು. ನೋವಿಗೆ ಕೊಡುವ ಟ್ರಮಡಾಲ್, ಕೋಡೀನ್ ಇರುವ ಕೆಮ್ಮಿನ ಸಿರಪ್ಪು, ನಿದ್ದೆಗೆ ಕೊಡುವ ಅಲ್‌ಪ್ರಾಜೊಲಾಮ್, ಕ್ಲೊನಾಜೆಪಾಮ್ ಇವೆಲ್ಲ ಅಲ್ಲಿ ನಿಯಂತ್ರಣದಲ್ಲಿರುವ ಔಷಧಿಗಳು. ಸಕ್ಕರೆ ಕಾಯಿಲೆಯ ಕಾಲುರಿಗೆ ನಮ್ಮ ಕಡೆ ಧಾರಾಳವಾಗಿ ಬರೆಯುವ ಪ್ರೆಗಾಬಲಿನ್ ಮೇಲೂ ಅಲ್ಲಿ ಬಿಗಿ ಕಣ್ಣಿದೆ. ನಿಲ್ದಾಣದಲ್ಲಿ ನಿಮ್ಮ ಬತಾಕಾ ಎಷ್ಟೇ ಸರಿಯಾಗಿದ್ದರೂ ಇದಕ್ಕೆ ಉತ್ತರವಾಗೋದಿಲ್ಲ. ವೈದ್ಯರ ಚೀಟಿ ಬೇಕು, ಅದು ಪ್ರಯಾಣ ಮಾಡುವವರ ಹೆಸರಿನಲ್ಲೇ ಇರಬೇಕು, ಮಾತ್ರೆ ಕಂಪನಿಯ ಪ್ಯಾಕಿನಲ್ಲೇ ಇರಬೇಕು. ಚೀಟಿ ಇದ್ದರೂ ನಿಯಂತ್ರಣದ ಔಷಧಿಯಾದರೆ ಹೊರಡುವ ಮುಂಚೆ ಅಲ್ಲಿಯ ನಿಯಮ ವಿಚಾರಿಸಿಯೇ ಹೊರಡಿ. ಭಾವನಿಗೆ ಅಂತ ಯಾರೋ ಕೊಟ್ಟ ಪೊಟ್ಟಣವನ್ನು, ಒಳಗೆ ಏನಿದೆ ಅಂತ ನೋಡದೆ, ದಯವಿಟ್ಟು ತೊಗೊಂಡು ಹೋಗಬೇಡಿ. ಕೊಟ್ಟವರಿಗೆ ಬೇಜಾರಾದರೆ ಆಗಲಿ.